ತಂಬಿಗೆಯ ಆಚೆ ಮೂರು ಫರಸಿ

ಪುಣೆಯಲ್ಲಿ ಭೌತಶಾಸ್ತ್ರ ಕಲಿಸಿದ ಅಷ್ಟೂ ವರ್ಷ ಒಂದೇ ತಪ್ಪನ್ನು ಪ್ರತಿ ವರ್ಗದಲ್ಲೂ ನೋಡಿದೆ. ಬೋರ್ಡಿನ ಮೇಲೆ ಎರಡು ಚುಕ್ಕೆ ಇಟ್ಟು, ಇವು ಎರಡು ಚಾರ್ಜುಗಳು, ಇವುಗಳ ವಿದ್ಯುತ್ ಕ್ಷೇತ್ರ ಎಲ್ಲಿ ಸೊನ್ನೆಯಾಗುತ್ತದೆ ತೋರಿಸಿ ಎಂದರೆ ಸಾಕು, ಎಲ್ಲರ ಬೆರಳೂ ನಡುವಿನ ಜಾಗಕ್ಕೇ ಹೋಗುತ್ತದೆ. ಒಂದು ಪ್ಲಸ್ಸೇ, ಇನ್ನೊಂದು ಮೈನಸ್ಸೇ ಎಂದು ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ನನಗೋ ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಸೀಮೆಸುಣ್ಣ ಮುರಿಯುವಷ್ಟು ಜೋರಾಗಿ ಬೋರ್ಡಿಗೆ ಕುಟ್ಟಿ ಬೈಯುತ್ತಿದ್ದೆ. ಹುಡುಗರು ಬೈಸಿಕೊಂಡು ತಿದ್ದಿಕೊಳ್ಳುತ್ತಿದ್ದರು. ಅದೇ ತಪ್ಪನ್ನು ನಾನೂ ಮಾಡಿದ್ದೆ, ಅದೂ ಇಪ್ಪತ್ತೊಂದನೇ ವಯಸ್ಸಿನಲ್ಲಿ, ಬೋಳು ಹಣೆ ಹೊತ್ತು ತವರಿನಲ್ಲಿ ಕೂತಿದ್ದಾಗ ಎಂದು ಅವರಿಗೆ ಯಾವತ್ತೂ ಹೇಳಲಿಲ್ಲ. ಅವರಿಗೆ ಹೋಗುವುದು ಎರಡು ಮಾರ್ಕು ಮಾತ್ರ, ಅಷ್ಟಕ್ಕೆ ನನ್ನ ಪುರಾಣ ಯಾಕೆ ಎಂದು ಸುಮ್ಮನಿರುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಪುಣೆಗೆ ಹತ್ತಿದ ಪಿಂಪ್ರಿಯಲ್ಲಿ ರೈಲು ಹಳಿಯ ಪಕ್ಕದ ಒಂದು ಚಾಳಿನ ಮೇಲಿನ ಮಾಳಿಗೆಯಲ್ಲಿ ನಮ್ಮ ಮನೆ. ಮುಂದೊಂದು ಕೋಣೆ, ಹಿಂದೊಂದು ಅಡುಗೆಕೋಣೆ, ಎದುರಿಗೆ ಎಲ್ಲ ಮನೆಗಳಿಗೂ ಸೇರಿ ಒಂದು ಉದ್ದನೆಯ ಗ್ಯಾಲರಿ. ಅಪ್ಪ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತ. ನಮ್ಮ ಮೂಲ ಕಲಬುರ್ಗಿ ಕಡೆಯ ಹಳ್ಳಿ. ನಾನು ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ ಬೇಸಿಗೆಯಲ್ಲಿ ಕಲಬುರ್ಗಿಯ ಒಂದು ಮನೆಗೆ ನನ್ನನ್ನು ಕೊಟ್ಟರು. ಮಾವನವರಿಗೆ ಅಲ್ಲಿಯ ಕಾಳಿನ ಪೇಟೆಯಲ್ಲಿ ಅಂಗಡಿ ಇತ್ತು. ಗಂಡ ಮೆತ್ತಗಿನ ಮನುಷ್ಯ. ನನ್ನ ಟ್ರಂಕಿನಲ್ಲಿದ್ದ ಕಾಲೇಜಿನ ಪುಸ್ತಕಗಳನ್ನು ತಾನೇ ತೆಗೆದು, ಧೂಳು ಒರೆಸಿ, ಗೋಡೆಯ ಮಾಡದಲ್ಲಿ ಜೋಡಿಸಿಟ್ಟು, “ಇರಲಿ ಬಿಡು, ಮುಂದ ಓದೀಯಂತ” ಎಂದವನು. ಎರಡನೇ ವರ್ಷ ಅವನಿಗೆ ಕಾಮಾಲೆ ಬಂತು. ಮೊದಲು ಊರ ಔಷಧ, ಆಮೇಲೆ ಆಸ್ಪತ್ರೆ. ಎರಡೂ ಉಪಯೋಗಕ್ಕೆ ಬರಲಿಲ್ಲ. ಅವನ ಮೇಲೆ ನನಗೆ ಪ್ರೀತಿ ಹುಟ್ಟತೊಡಗಿತ್ತು, ಅಷ್ಟರಲ್ಲಿ ಹೋಗಿಬಿಟ್ಟ. ಮನೆ ತುಂಬ ಅಳುವವರೇ ಇದ್ದರು, ಅವರನ್ನು ಸಮಾಧಾನ ಮಾಡುವುದರಲ್ಲಿ ನನ್ನ ಅಳು ಹಿಂದೆ ಉಳಿಯಿತು. ಅದು ಎಷ್ಟೋ ತಿಂಗಳ ಮೇಲೆ, ಪಿಂಪ್ರಿಯ ನಲ್ಲಿಯ ಮುಂದೆ ನೀರಿಗೆ ಪಾಳಿ ಹಚ್ಚಿ ನಿಂತಾಗ, ಯಾವ ಕಾರಣವೂ ಇಲ್ಲದೆ ಬಂತು.

ನಾಲ್ಕು ದಿನ ಇದ್ದು ಬರಲಿ ಎಂದು ಅಪ್ಪ ನನ್ನನ್ನು ಪುಣೆಗೆ ಕರೆತಂದಿದ್ದ. ನಾಲ್ಕು ದಿನ ವರ್ಷಕ್ಕೆ ಬಂತು. ಕಲಬುರ್ಗಿಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಊರಿಗೆ ಹೋಗಿ ಬಂದವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತಿದ್ದರು: “ಮಗ ಅಂತೂ ಹೋದ, ಸೊಸಿನೂ ಕೊಡಂಗಿಲ್ಲೇನು ನನಗ?” ಆ ಮಾತಿನಲ್ಲಿ ಪ್ರೀತಿಯೂ ಇತ್ತು, ತನ್ನ ಆರೈಕೆಗೆ ಒಬ್ಬರು ಬೇಕೆಂಬ ಸಂಕಟವೂ ಇತ್ತು. ಎರಡೂ ಸುಳ್ಳಲ್ಲ. ಇತ್ತ ನಮ್ಮ ಮನೆಯಲ್ಲಿ ತಂಗಿ ಹನ್ನೆರಡನೇ ತರಗತಿಯಲ್ಲಿದ್ದಳು, ಅವಳಿಗೆ ವರ ನೋಡಲು ಶುರು ಮಾಡಿದ್ದರು. ಬಂದವರು ಚಹಾ ಕುಡಿಯುತ್ತ ಬಾಗಿಲ ಮರೆಯಲ್ಲಿದ್ದ ನನ್ನನ್ನು ನೋಡುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಪ್ಪ ಮಾತ್ರ ಪೇಪರು ಓದುತ್ತ ಓದುತ್ತ, ಯಾರಿಗೆ ಎಂದಿಲ್ಲದೆ, “ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತ ಹಿರ್ಯಾರು ಸುಮ್ಮನ ಅಂದಿಲ್ಲ” ಎನ್ನುತ್ತಿದ್ದ. ಅವನು ಕೆಟ್ಟವನಲ್ಲ. ಎರಡು ಹೆಣ್ಣುಮಕ್ಕಳ ತಂದೆ, ಹೆದರಿದ್ದ.

ಅಂತೂ ಅಲ್ಲಿ ಎಳೆಯುತ್ತಿದ್ದರು, ಇಲ್ಲಿ ತಳ್ಳುತ್ತಿದ್ದರು. ನನಗೆ ಬೇಕಾದದ್ದು ದೊಡ್ಡದೇನಲ್ಲ. ಯಾರೂ ಎಳೆಯದ, ಯಾರೂ ತಳ್ಳದ ಒಂದು ಜಾಗ ಬೇಕಿತ್ತು. ಅಲ್ಲಿ ಕೂತು ನಿಂತುಹೋದ ಓದನ್ನು ಮತ್ತೆ ಎತ್ತಿಕೊಳ್ಳಬೇಕಿತ್ತು.

ಹಿರಿಯರಿಗೂ ನನ್ನ ಚಿಂತೆ ಇತ್ತು. ಅಪ್ಪನದು ಸ್ಟೋರಿನ ಬುದ್ಧಿ, ಎರಡೂ ತಟ್ಟೆ ಸಮ ತೂಗಿದರೆ ಅವನಿಗೆ ನಿದ್ದೆ ಬರುತ್ತದೆ. ಮೊದಲು ಅವ್ವನ ತಂಗಿ, ಸೊಲ್ಲಾಪುರದ ಚಿಗವ್ವನ ಮನೆ ಹೊಳೆಯಿತು. “ಸೊಲ್ಲಾಪುರ ನಡುವ ಆಗ್ತದ. ಅವರಿಗೂ ಹತ್ರ, ನಮಗೂ ಹತ್ರ” ಎಂದ. ಚಿಗವ್ವನ ಮನೆಯಲ್ಲಿ ಮೊದಲೇ ಮಂದಿ ಹೆಚ್ಚು, ಅದು ಆಗಲಿಲ್ಲ. ಆಮೇಲೆ ಆರು ತಿಂಗಳು ಕಲಬುರ್ಗಿ, ಆರು ತಿಂಗಳು ಪಿಂಪ್ರಿ ಎಂಬ ಉಪಾಯ ಹೊರಟಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಇದರಲ್ಲಿ ನಾನು ಹಾವೋ ಕೋಲೋ ಎಂದು ಕೇಳುವ ಬಾಯಿ ನನಗಿತ್ತು, ಆದರೆ ಆ ಬಾಯಿಗೆ ಆಗ ಬೀಗ ಬಿದ್ದಿತ್ತು. ನಿಜ ಹೇಳಬೇಕೆಂದರೆ ನಾನೂ ನಡುವೆಯೇ ಎಲ್ಲಾದರೂ ಜಾಗ ಸಿಕ್ಕೀತು ಎಂದು ಹುಡುಕುತ್ತಿದ್ದೆ. ಚಿಗವ್ವ ಹ್ಞೂಂ ಅಂದಿದ್ದರೆ ಸೊಲ್ಲಾಪುರಕ್ಕೆ ಹೋಗಿಬಿಡುತ್ತಿದ್ದೆ.

ದೀಪಾವಳಿ ಹತ್ತಿರ ಬಂದಾಗ ಮಾವನವರು ಹೇಳಿ ಕಳಿಸಿದರು. ವರ್ಷದ ಕಾರ್ಯ ಮುಗಿದಿದೆ, ಹಬ್ಬ ಕಳೆಯಲಿ, ತಾವೇ ಬಂದು ಮಾತು ಮುಗಿಸಿ ಸೊಸೆಯನ್ನು ಕರೆದುಕೊಂಡು ಹೋಗುತ್ತೇವೆ ಎಂದು.

ಅದೇ ದಿನಗಳಲ್ಲಿ ತಂಗಿ ಒಂದು ಲೆಕ್ಕ ತಂದಳು. ಪ್ಲಸ್ ಒಂದು ಇರುವ ಚಾರ್ಜು ಇಲ್ಲಿ, ಮೈನಸ್ ನಾಲ್ಕು ಇರುವ ಚಾರ್ಜು ಅಲ್ಲಿ, ಎರಡರ ಅಂತರ ಮೂವತ್ತು ಸೆಂಟಿಮೀಟರ್. ಕ್ಷೇತ್ರ ಎಲ್ಲಿ ಸೊನ್ನೆ? ಎಷ್ಟೋ ದಿನಗಳ ಮೇಲೆ ನನ್ನ ಕೈಗೆ ಪೆನ್ಸಿಲ್ಲು ಬಂದಿತ್ತು, ನನಗೆ ಖುಷಿಯೋ ಖುಷಿ. ಚಾರ್ಜಿನ ಜೋರು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಚಿಕ್ಕದರಿಂದ ಹತ್ತು, ದೊಡ್ಡದರಿಂದ ಇಪ್ಪತ್ತು ಸೆಂಟಿಮೀಟರಿನಲ್ಲಿ ಎರಡರ ಜೋರೂ ಸಮನಾಗುತ್ತದೆ. ಒಂದರ ಕೆಳಗೆ ನೂರು, ನಾಲ್ಕರ ಕೆಳಗೆ ನಾನೂರು. ಲೆಕ್ಕ ತಾಳೆಯಾಯಿತು. ನಡುವಿನ ಆ ಜಾಗಕ್ಕೆ ಒಂದು ಗುಂಡು ಸುತ್ತಿ, ಇಲ್ಲೇ ಸೊನ್ನೆ ಎಂದು ಬರೆದು ಕೊಟ್ಟೆ.

ಮರುದಿನ ತಂಗಿ ಕಾಲೇಜಿನಿಂದ ಬಂದವಳೇ ಪುಸ್ತಕ ನನ್ನ ಮುಂದೆ ಹಾಕಿದಳು. ಗುಂಡಿನ ಮೇಲೆ ಕೆಂಪು ಮಸಿಯ ಅಡ್ಡಗೆರೆ.

“ಅಕ್ಕಾ, ತಪ್ಪದ ಇದು. ಸರ್ ನಕ್ಕರು. ಅರ್ಧ ಕ್ಲಾಸು ನಡುವೇ ಇಟ್ಟಿತ್ತು.”

“ಹ್ಯಾಂಗ ತಪ್ಪು? ಎರಡೂ ಕಡಿ ಸಮ ಬಂದದ ನೋಡು.”

“ಸಮ ಬಂದ್ರ ಆಯ್ತೇನು? ಎತ್ತ ತಳ್ತಾವ ಅಂತ ನೋಡಬ್ಯಾಡೇನು, ಅಂದ್ರು.”

ನನಗೆ ಮೈಯೆಲ್ಲ ಉರಿಯಿತು. ಅವಳ ಸರ್ ಮೇಲಲ್ಲ, ನನ್ನ ಮೇಲೆ. ತಂಗಿ ನೀರಿಗೆ ಹೋದಳು, ಅವ್ವ ಕೆಳಗೆ ಗಿರಣಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಮುಂದಿನ ಕೋಣೆಗೆ ಹಾಸಿದ್ದು ಶಹಾಬಾದಿ ಫರಸಿ. ಕಲಬುರ್ಗಿ ಸೀಮೆಯ ಕಲ್ಲು ಅದು, ಪುಣೆಯ ಅರ್ಧ ಮನೆಗಳ ನೆಲಕ್ಕೆಲ್ಲ ಅದೇ. ನನ್ನ ಹಾಗೇ ಅಲ್ಲಿಂದ ಇಲ್ಲಿಗೆ ಬಂದು ಬಿದ್ದದ್ದು. ಒಳಗೋಡೆಯ ಹತ್ತಿರ ತಾಮ್ರದ ಕೊಡ ಇಟ್ಟೆ, ಅದು ದೊಡ್ಡ ಚಾರ್ಜು, ಎಳೆಯುವಂಥದ್ದು. ಹತ್ತು ಸೆಂಟಿಮೀಟರಿಗೆ ಒಂದು ಫರಸಿ ಎಂದು ಹಿಡಿದು, ಅಲ್ಲಿಂದ ಬಾಗಿಲ ಕಡೆಗೆ ಮೂರು ಫರಸಿ ದೂರದಲ್ಲಿ ಹಿತ್ತಾಳೆಯ ತಂಬಿಗೆ ಇಟ್ಟೆ, ಅದು ಚಿಕ್ಕದು, ತಳ್ಳುವಂಥದ್ದು. ನಡುವೆ ಒಂದು ಕಡಲೆಕಾಳು ಇಟ್ಟು ನೋಡುತ್ತ ಕೂತೆ.

ಕಾಳನ್ನು ತಂಬಿಗೆ ತಳ್ಳುತ್ತದೆ. ಎತ್ತ? ಕೊಡದ ಕಡೆಗೆ. ಕೊಡ ಎಳೆಯುತ್ತದೆ. ಎತ್ತ? ತನ್ನ ಕಡೆಗೇ. ಎರಡೂ ಒಂದೇ ದಿಕ್ಕು! ಜೋರು ಸಮ ಇದ್ದರೆ ಒಂದನ್ನೊಂದು ಕಳೆಯುವುದಿಲ್ಲ, ಕೂಡಿಕೊಂಡು ಇಮ್ಮಡಿಯಾಗುತ್ತವೆ. ನಡುವೆ ಎಲ್ಲಿ ಇಟ್ಟರೂ ಅಷ್ಟೇ. ಕಾಳನ್ನು ಒಂದೊಂದು ಬೆರಳು ಸರಿಸುತ್ತ ಹೋದೆ, ಎಲ್ಲೂ ಅದಕ್ಕೆ ನಿಲ್ಲಲು ಜಾಗ ಇರಲಿಲ್ಲ.

ನಿಲ್ಲಬೇಕಾದರೆ ಒಂದು ಇತ್ತ, ಇನ್ನೊಂದು ಅತ್ತ ಇರಬೇಕು. ಅಂಥದ್ದು ಎರಡರ ಹೊರಗೆ ಮಾತ್ರ. ಕೊಡದ ಹಿಂದಕ್ಕೆ ಹೋದರೆ ಕೊಡ ದೊಡ್ಡದು, ಹತ್ತಿರದ್ದು, ಅದರದೇ ರಾಜ್ಯ. ತಂಬಿಗೆಯ ಆಚೆಗೆ ಹೋದರೆ? ತಂಬಿಗೆ ಚಿಕ್ಕದಾದರೂ ಹತ್ತಿರ, ಅದು ಹೊರಕ್ಕೆ ತಳ್ಳುತ್ತದೆ. ಕೊಡ ದೊಡ್ಡದಾದರೂ ದೂರ, ಅದು ಒಳಕ್ಕೆ ಎಳೆಯುತ್ತದೆ. ಎಲ್ಲೋ ಒಂದು ಕಡೆ ಎರಡೂ ಸರಿಸಮ ಆಗಲೇಬೇಕು. ಲೆಕ್ಕ ಮಾಡಿದೆ. ತಂಬಿಗೆಯಿಂದ ಆಚೆ ಮೂರು ಫರಸಿ. ಕಾಳು ಹಿಡಿದು ಎದ್ದೆ. ಒಂದನೇ ಫರಸಿಗೆ ಹೊಸ್ತಿಲು ಬಂತು, ಎರಡನೆಯದು ಗ್ಯಾಲರಿ, ಮೂರನೆಯದು ಗ್ಯಾಲರಿಯ ಕಟಕಟೆಗೆ ತಾಗಿತ್ತು. ಅಲ್ಲಿ ಹೋಗಿ ನಿಂತೆ. ಕೆಳಗೆ ರೈಲು ಹಳಿ. ಎಡಕ್ಕೆ ಹೋದರೆ ಪುಣೆ, ಸೊಲ್ಲಾಪುರ, ಕಲಬುರ್ಗಿ. ನಮ್ಮ ಬದುಕಿನ ಹೋಗಿಬರುವಿಕೆಯೆಲ್ಲ ಆ ಕಡೆಗೇ. ಬಲಕ್ಕೆ, ಮುಂಬೈ ಕಡೆಗೆ ಹೋಗುವ ಗಾಡಿಗಳನ್ನು ನಾನು ದಿನಾ ಕಂಡಿದ್ದರೂ ಸರಿಯಾಗಿ ನೋಡಿಯೇ ಇರಲಿಲ್ಲ. ಅವು ಬೇರೆಯವರ ಗಾಡಿ ಎಂದು ಬಿಟ್ಟಿದ್ದೆ.

ಬದುಕನ್ನು ಲೆಕ್ಕದ ಹಾಗೆ ಬಿಡಿಸಲು ಹೊರಡುವವರನ್ನು ಕಂಡರೆ ನನಗಾಗದು. ಆ ಲೆಕ್ಕದಂತೆಯೇ ಅಳೆದಿದ್ದರೆ ನನ್ನ ಜಾಗ ಮುಂಬೈ ದಾಟಿ ಅರಬ್ಬಿ ಸಮುದ್ರದಲ್ಲಿ ಬೀಳುತ್ತಿತ್ತು. ಆದರೆ ಕಟಕಟೆ ಹಿಡಿದು ನಿಂತ ಆ ಹೊತ್ತಿಗೆ, ಬಾಜೂ ಮನೆಯ ಕಾಕೂ ಎರಡು ತಿಂಗಳಿಂದ ಹೇಳುತ್ತಿದ್ದ ಮಾತು ನನ್ನ ಕಿವಿಗೆ ಮೊದಲ ಸಲ ಬಿತ್ತು. ಕಾಕೂ ಮರಾಠಿ ಹೆಂಗಸು, ದೇಹೂ ರೋಡಿನ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದರು. ಪಿಂಪ್ರಿಯಿಂದ ಲೋಣಾವಳಾ ಕಡೆಗೆ ಹೋಗುವ ಲೋಕಲ್ ಹತ್ತಿದರೆ ಚಿಂಚವಾಡ, ಆಕುರ್ಡಿ, ಆಮೇಲೆ ಅದೇ. ದಂಡಿನ ಊರು. ಅಲ್ಲಿ ಚಿಕ್ಕ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಲು ಒಬ್ಬರು ಬೇಕಾಗಿದ್ದಾರೆ, ಶಾಲೆ ಮಧ್ಯಾಹ್ನ, ಹೊರಗಿನ ಶಿಕ್ಷಕಿಯರಿಗೆ ಇರಲು ಹಿಂದೆ ಕೋಣೆಗಳಿವೆ ಎಂದು ಅವರು ಹೇಳಿದಾಗೆಲ್ಲ ನಾನು ನಕ್ಕು ತಲೆಯಾಡಿಸಿದ್ದೆ. “ಅಗ, ಏಕದಾ ಯೇವೂನ್ ತರೀ ಬಘ್” ಎನ್ನುತ್ತಿದ್ದರು, ಒಮ್ಮೆ ಬಂದಾದರೂ ನೋಡು ಎಂದು. ಆ ವಾರ ತಂಗಿಯ ಕಾಲೇಜಿನ ಕೆಲಸ ಅಂತ ಮನೆಯಲ್ಲಿ ಹೇಳಿ ಅವರ ಜೊತೆ ಹೋದೆ. ಹೆಡ್‌ಮಾಸ್ತರು ನನಗೆ ಒಂದು ಭಿನ್ನರಾಶಿ ಕೊಟ್ಟು ಬೋರ್ಡಿನ ಮೇಲೆ ಕಲಿಸಲು ಹೇಳಿದರು. ಕಲಿಸಿದೆ. ದೀಪಾವಳಿ ರಜೆ ಮುಗಿದ ಕೂಡಲೇ ಬರ್ರಿ ಎಂಬರ್ಥದ ಮರಾಠಿ ಮಾತು ಹೇಳಿ, ಹಿಂದಿನ ಕೋಣೆಯನ್ನೂ ತೋರಿಸಿದರು. ಒಂದು ಕಿಟಕಿ, ಒಂದು ಮಂಚ, ಒಂದು ಮೇಜು. ಮೇಜಿನ ಮೇಲೆ ಕೈಯಿಟ್ಟು ನಿಂತವಳಿಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

ಅಪ್ಪನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೊಡ, ತಂಬಿಗೆ, ಕಡಲೆಕಾಳಿನಿಂದ ಹಿಡಿದು ಹಿಂದಿನ ಕೋಣೆಯ ಕಿಟಕಿಯ ತನಕ ಎಲ್ಲವನ್ನೂ ಹೇಳಿದೆ. ಕಲಬುರ್ಗಿ ಕರೆದರೂ ಇಲ್ಲಿಂದ ತಳ್ಳಿದರೂ ನಾನು ಹೋಗಿ ಬೀಳುವುದು ಒಂದೇ ಕಡೆಗೆ, ಆರು ತಿಂಗಳ ಮಾತು ಬರೀ ಮಾತು, ಒಮ್ಮೆ ಹೋದರೆ ಮುಗೀತು ಎಂದೆ. ಅವ್ವ ಶಾಲೆಯ ಮುಖ ಕಂಡವಳಲ್ಲ. ರೊಟ್ಟಿ ತಿರುವಿ ಹಾಕಿದಳು, ಹಂಚಿನ ಅಂಚಿಗೆ ನೀರು ಸವರಿದಳು. ಕೊನೆಗೆ, “ಕೊಡದ ಬಾಯಿ ಮುಚ್ಚಿ ಇಡು, ನೊಣ ಬೀಳ್ತಾವ” ಎಂದಳು. ಅಷ್ಟೇ. ಅವಳೂ ಅಪ್ಪನ ಕಡೆಗೇ ಎಂದು ನಾನು ತಿಳಿದುಕೊಂಡೆ.

ಮಾವನವರು ಹಬ್ಬ ಮುಗಿದ ಮೇಲೆ ಒಂದು ಬೆಳಗ್ಗೆ ಬಂದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಒಂದು ಚೀಲ. ಮಗ ಹೋದ ಮೇಲೆ ಅವರು ಅರ್ಧ ಆಗಿದ್ದರು, ಅಂಗಿಯ ತೋಳಿನಲ್ಲಿ ಕೈ ಅಲ್ಲಾಡುತ್ತಿತ್ತು. ಪುಣೆ ಸ್ಟೇಷನ್ನಿನ ಹೊರಗೆ ಕೊಂಡ ಬಾಳೆಹಣ್ಣು, ಬಾಳೆಲೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು ಚೀಲದಲ್ಲಿದ್ದವು. ಅವ್ವ ಎಲೆಯ ಕಟ್ಟನ್ನು ಒಳಗೆ ತಂದು ಹಸಿ ಬಟ್ಟೆ ಹೊದಿಸಿ ಬುಟ್ಟಿಯ ಕೆಳಗೆ ಇಟ್ಟಳು.

ನಮ್ಮ ಕಡೆ ಬೀಗರ ಮುಂದೆ ಮಾತಿಗೂ ಒಂದು ಕ್ರಮ ಇದೆ. ಊಟ ಆಗುವ ತನಕ ಮಾತು ತೆಗೆಯುವಂತಿಲ್ಲ. ಬೀಗರ ಮುಖಕ್ಕೆ ಇಲ್ಲ ಎನ್ನುವಂತಿಲ್ಲ. ಮಾತು ಕೂಡಿತೆಂದರೆ ಎಲೆ ಅಡಿಕೆಯ ತಾಟು ಬರುತ್ತದೆ. ಎರಡೂ ಕಡೆಯವರು ಎಲೆ ಹಿಡಿದರೆಂದರೆ ಮಾತು ಮುಗಿಯಿತು, ಆಮೇಲೆ ಅದನ್ನು ಮುರಿದವರ ಮನೆಯ ನೀರು ಯಾರೂ ಕುಡಿಯುವುದಿಲ್ಲ. ತಾಟನ್ನು ತರುವವಳು ಮನೆಯ ಮುತ್ತೈದೆ. ನಾನು ಅದನ್ನು ಮುಟ್ಟುವಂತಿರಲಿಲ್ಲ.

ಊಟ ಆಯಿತು. ಎಣಗಾಯಿ, ರೊಟ್ಟಿ, ಶೇಂಗಾದ ಹಿಂಡಿ. ಮಾವನವರು ಒಂದೇ ರೊಟ್ಟಿ ತಿಂದರು. ತಂಗಿ ಕಾಲೇಜಿಗೆ ಹೋಗಿದ್ದಳು. ಅವ್ವ, ನಾನು ಅಡುಗೆಕೋಣೆಯ ಬಾಗಿಲ ಹಿಂದೆ ಕೂತೆವು.

“ಬೀಗರ,” ಅಪ್ಪ ಮಾತು ತೆಗೆದ, “ನಾ ಒಂದ ಮಾತು ಹೇಳ್ತೀನ್ರಿ. ಆರು ತಿಂಗಳ ನಿಮ್ಮಲ್ಲಿ, ಆರು ತಿಂಗಳ ನಮ್ಮಲ್ಲಿ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮಿ ಇಲ್ಲ.”

“ಛಲೋ ಮಾತ ಅದ್ರಿ,” ಎಂದರು ಮಾವನವರು. “ಈಗ ಅಕಿ ಬರ್ಲಿ. ಸಣ್ಣಾಕಿ ಲಗ್ನ ಆಗೂತನ ಅಲ್ಲೇ ಇರ್ಲಿ. ಮುಂದಿಂದು ಮುಂದ ನೋಡೂಣು.”

“ಹೌದ್ರಿ. ಅದೂ ಖರೇನ ಅದ” ಎಂದ ಅಪ್ಪ.

ನೋಡಿ, ಆರು ತಿಂಗಳು ಎರಡು ಮಾತಿನಲ್ಲಿ ಕರಗಿಹೋಯಿತು. ಇಬ್ಬರೂ ಒಳ್ಳೆಯವರೇ, ಇಬ್ಬರ ಬಾಣವೂ ಒಂದೇ ಕಡೆಗೆ ತಿರುಗಿತ್ತು.

“ಏ, ಎಲಿ ಅಡಿಕಿ ತಗೊಂಡ ಬಾ” ಎಂದು ಅಪ್ಪ ಒಳಗೆ ಕೂಗಿದ.

ಅವ್ವ ಎದ್ದಳು. ತಾಟು ತೆಗೆದಳು. ಅಡಿಕೆ ಇಟ್ಟಳು, ಸುಣ್ಣದ ಡಬ್ಬಿ ಇಟ್ಟಳು. ಬುಟ್ಟಿ ಎತ್ತಿ ಹಸಿ ಬಟ್ಟೆ ಸರಿಸಿದಳು. ಎಲೆ ಎಷ್ಟು ಚೆನ್ನಾಗಿದ್ದವೆಂದರೆ ಆ ಕತ್ತಲೆ ಮೂಲೆಯಲ್ಲೂ ಹೊಳೆಯುತ್ತಿದ್ದವು. ನಾನು ಅವಳ ಸೆರಗು ಹಿಡಿಯಬೇಕೆಂದುಕೊಂಡೆ, ಹಿಡಿಯಲಿಲ್ಲ. ಅವಳು ಎಲೆಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಅವನ್ನು ಅಲ್ಲೇ ಮರಳಿ ಇಟ್ಟು, ಬಟ್ಟೆ ಮುಚ್ಚಿ, ಬುಟ್ಟಿ ಬೋರಲು ಹಾಕಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬರಿಗೈಯಲ್ಲಿ ಬಾಗಿಲಿಗೆ ಹೋಗಿ ನಿಂತಳು. ಬೀಗರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

“ಎಲಿ ಬಾಡ್ಯಾವ್ರಿ” ಎಂದಳು.

ಅಪ್ಪನಿಗೆ ಅರ್ಥವಾಗಲಿಲ್ಲ. “ಹ್ಯಾಂಗ ಬಾಡ್ತಾವ? ಈಗರೆ ತಂದಾರಲ್ಲ!”

“ದಾರ್ಯಾಗ ಬಿಸಲ ಬಡದದ. ಬಾಡಿದ ಎಲಿ ಬೀಗರ ಕೈಯಾಗ ನಾ ಕೊಡಂಗಿಲ್ಲ.”

ಕಾರ್ತಿಕ ಮಾಸ. ಬೆಳಗ್ಗೆ ಸ್ವೆಟರ್ ಹಾಕಿಕೊಂಡು ಕಾರ್ಖಾನೆಗೆ ಹೋಗುವ ದಿನಗಳು. ಎಲ್ಲಿಯ ಬಿಸಿಲು? ಆ ಎಲೆಗಳನ್ನು ಕೊಂಡವರು ಮಾವನವರೇ, ಒಂದೊಂದಾಗಿ ತಿರುವಿ ನೋಡಿ ಕೊಂಡಿರಬೇಕು, ಪೇಟೆಯ ಮನುಷ್ಯ. ಅವರು ಬಾಗಿಲ ಕಡೆಗೆ ನೋಡಿದರು. ಅವ್ವ ತಲೆ ತಗ್ಗಿಸಿದ್ದಳು, ಆದರೆ ಬಾಗಿಲು ಬಿಟ್ಟು ಕದಲಿರಲಿಲ್ಲ.

“ಹೌದವ್ವಾ,” ಎಂದರು ಮಾವನವರು. “ದೂರದ ದಾರಿ. ಬಾಡಿರಬೇಕು.”

ಆಗ ನಾನು ಹೊರಗೆ ಬಂದೆ. ಅವ್ವ ಪಕ್ಕಕ್ಕೆ ಸರಿದು ದಾರಿ ಕೊಟ್ಟಳು. ದೇಹೂ ರೋಡಿನ ಶಾಲೆ, ಹಿಂದಿನ ಕೋಣೆ, ನಿಂತುಹೋದ ಓದು, ಎಲ್ಲವನ್ನೂ ಹೇಳಿದೆ. ಅಪ್ಪ ಅರ್ಧಕ್ಕೇ ಎದ್ದು ಗ್ಯಾಲರಿಗೆ ಹೋದ. ಮಾವನವರು ಕೂತೇ ಇದ್ದರು.

“ನಿನ್ನ ಅತ್ತಿಗೆ ಏನ ಹೇಳ್ಲಿ ನಾ?” ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಅವರು ನಿಜಕ್ಕೂ ಗೊತ್ತಿಲ್ಲದ ಹಾಗೆ ಕೇಳಿದರು. ಅದಕ್ಕೆ ನನಗೆ ಅಳು ಬಂತು.

“ಬ್ಯಾಸಿಗಿ ಸೂಟಿಗೆ ಬರ್ತೀನ್ರಿ ಮಾವಾರ. ಕರೀಲಿಕ್ಕೆ ಯಾರೂ ಬರೂದು ಬ್ಯಾಡ. ನಾನಾಗೇ ಬರ್ತೀನಿ ಅಂತ ಹೇಳ್ರಿ.”

ಅವರು ಟೊಪ್ಪಿಗೆ ಸರಿ ಮಾಡಿಕೊಂಡು ಎದ್ದರು. “ನಿನ್ನ ಪುಸ್ತಕ ಇನ್ನೂ ಮಾಡದಾಗೇ ಇಟ್ಟೀವಿ. ಬಂದಾಗ ತಗೊಂಡ ಹೋಗವ್ವ” ಎಂದರು.

ಕೊಟ್ಟ ಮಾತು ಉಳಿಸಿಕೊಂಡೆ. ಪ್ರತಿ ಬೇಸಿಗೆ ಹೋದೆ, ಅತ್ತೆಯ ಕಾಲು ಒತ್ತಿದೆ, ಅವರು ಬೈದರೆ ನಾನೂ ತಿರುಗಿ ಬೈದೆ. ಎಂಬತ್ತರ ದಶಕದಲ್ಲಿ ಆ ಮಾಡದಲ್ಲಿದ್ದ ಪುಸ್ತಕಗಳಿಂದಲೇ ಓದಿ, ಬೆಳಗ್ಗೆ ಕಾಲೇಜು, ಮಧ್ಯಾಹ್ನ ಶಾಲೆ ಎಂದು ಓಡಾಡಿ ಬಿ.ಎಸ್ಸಿ. ಮುಗಿಸಿದೆ. ಅತ್ತೆ ಕಣ್ಣು ಮುಚ್ಚಿದಾಗ ಅವರ ತಲೆ ನನ್ನ ತೊಡೆಯ ಮೇಲಿತ್ತು. ಕ್ಷೇತ್ರ ಸೊನ್ನೆಯಾದ ಜಾಗದಲ್ಲಿ ಚಾರ್ಜುಗಳು ಮಾಯವಾಗಿರುತ್ತವೆ ಎಂದು ಹುಡುಗರು ತಿಳಿಯುತ್ತಾರೆ. ಇಲ್ಲ, ಎರಡೂ ಇದ್ದಲ್ಲೇ ಇರುತ್ತವೆ, ಎರಡರ ಕೈಯೂ ಅಲ್ಲಿಯ ತನಕ ಬಂದಿರುತ್ತದೆ. ಇದನ್ನು ಮಾತ್ರ ನಾನು ವರ್ಗದಲ್ಲಿ ಬೈಯದೆ, ನಿಧಾನವಾಗಿ ಹೇಳುತ್ತಿದ್ದೆ.

ಆ ದಿನ ಮಾವನವರನ್ನು ಸ್ಟೇಷನ್ನಿಗೆ ಬಿಡಲು ಅಪ್ಪ ಹೋದ. ಹೋಗುವಾಗ ಅವ್ವನ ಕಡೆಗಾಗಲಿ ನನ್ನ ಕಡೆಗಾಗಲಿ ನೋಡಲಿಲ್ಲ. ಮುಂದೆ ಎಷ್ಟೋ ದಿನ ಅವಳ ಜೊತೆ ಮಾತು ಬಿಟ್ಟ. ಅದು ಆಗುತ್ತದೆಂದು ಅವಳಿಗೆ ಬರಿಗೈಯಲ್ಲಿ ಬಾಗಿಲಿಗೆ ಹೋಗುವಾಗಲೇ ಗೊತ್ತಿತ್ತು. ನಾನು ನಮ್ಮ ಮನೆಯನ್ನು ಇಡಿಯಾಗಿ ಒಂದು ತಂಬಿಗೆ ಎಂದು ಲೆಕ್ಕ ಹಿಡಿದಿದ್ದೆ. ಅವ್ವನನ್ನು ಬೇರೆಯಾಗಿ ಎಣಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಸಂಜೆಯ ಬೆಳಕು ಹೊಸ್ತಿಲ ತನಕ ಬಂದಿತ್ತು. ಮುಸುರೆ ತಿಕ್ಕಿ ಒಳಗೆ ಬಂದರೆ ಅವ್ವ ಬುಟ್ಟಿ ಎತ್ತಿ, ಎಲೆಯ ಕಟ್ಟು ಬಿಚ್ಚಿಕೊಂಡು ಕೂತಿದ್ದಳು. ಒಂದು ಎಲೆಯ ತೊಟ್ಟು ಮುರಿದಳು, ಚಟ್ ಎಂದು ಸದ್ದಾಯಿತು. ನಾರು ತೆಗೆದು, ಸುಣ್ಣ ಸವರಿ, ಕಾಚು ಉದುರಿಸಿ, ಅಡಿಕೆ ಹಾಕಿ ಮಡಚಿದಳು. ತನಗೇ ಎಂದುಕೊಂಡೆ. ಗಂಡ ಸತ್ತವಳ ಬಾಯಿಗೆ ಎಲೆ ಅಡಿಕೆ ಇಲ್ಲ, ಅದನ್ನು ನನಗೆ ಕಲಬುರ್ಗಿಯಲ್ಲಿ ಮೊದಲ ವಾರದಲ್ಲೇ ಯಾರೋ ಹೇಳಿ ಕೊಟ್ಟಿದ್ದರು. ಅವ್ವ ಆ ಮಡಚಿದ ಎಲೆಯನ್ನು ನನ್ನ ತುಟಿಯ ಹತ್ತಿರ ಹಿಡಿದಳು.

“ತಿನ್ನು” ಎಂದಳು. “ಬಾಡ್ಯಾವೇನು ನೋಡು.”

ನಾನು ಬಾಯಿ ತೆರೆದೆ. ಎಲೆ ಖಾರವಾಗಿತ್ತು, ಹಸಿಯಾಗಿತ್ತು. ಅಗಿಯುತ್ತ ಅಗಿಯುತ್ತ ಕಣ್ಣಿನಿಂದ ನೀರು ಇಳಿಯಿತು. ನನ್ನ ಬಾಯಿ ಕೆಂಪಾಗುವ ತನಕ ಅವ್ವ ಎದುರಿಗೆ ಕೂತು ನೋಡಿದಳು. ಆಮೇಲೆ ದೀಪ ಹಚ್ಚಲು ಎದ್ದಳು.